ಕೇತಮ್ಮನ ಮಣ್ಣಿಗೆ ಹೆಪ್ಪು

ಒಂದು ಪಾತ್ರೆ ಹಾಲಿಗೆ ಒಂದು ಚಮಚ ಮೊಸರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಪಾತ್ರೆ ತುಂಬ ಮೊಸರು. ಹಾಗೆಯೇ ಸತ್ತ ಮಣ್ಣಿಗೆ ಒಂದು ಹಿಡಿ ಬದುಕಿರುವ ಮಣ್ಣನ್ನು ಬಿಟ್ಟರೆ ಏನಾದೀತು? ಈ ಪ್ರಶ್ನೆ ಮೊದಲು ಯಾರ ತಲೆಗೆ ಬಂತೋ ನನಗೆ ಗೊತ್ತಿಲ್ಲ. ಯಾರ ತಲೆಗಾದರೂ ಬಂದಿರಲಿ, ಅದರಿಂದ ನನಗೊಂದು ನೌಕರಿ ಸಿಕ್ಕಿತು.

ನಾನು ಗುರುಮಲ್ಲೇಶ. ಚಾಮರಾಜನಗರದ ಹೊರಗೆ, ಹಿಂದೆ ರೇಷ್ಮೆಗೂಡು ತುಂಬುತ್ತಿದ್ದ ಹಳೆಯ ಗೋದಾಮಿನಲ್ಲಿ ಈಗ ಮಣ್ಣಿನ ಬ್ಯಾಂಕು ಇದೆ. ಅಲ್ಲಿನ ಶೀಶೆಗಳ ಉಸ್ತುವಾರಿ ನನ್ನದು. ನಾಲ್ಕು ಸಾವಿರದ ಮುನ್ನೂರು ಗಾಜಿನ ಶೀಶೆಗಳು, ಒಂದೊಂದರಲ್ಲೂ ಒಂದೊಂದು ತೋಟದ ಒಂದು ಹಿಡಿ ಮಣ್ಣು. ತಂಪು, ತೇವ, ಗಾಳಿ ಎಲ್ಲವನ್ನೂ ಅಳೆದು ಕೊಟ್ಟು ಒಳಗಿನ ಕಣ್ಣಿಗೆ ಕಾಣದ ಜೀವಿಗಳು ಸಾಯದಂತೆ ನೋಡಿಕೊಳ್ಳುತ್ತೇನೆ. ನನ್ನ ಹೆಂಡತಿ ದಾಕ್ಷಾಯಿಣಿ ಪ್ರೈಮರಿ ಶಾಲೆಯಲ್ಲಿ ಟೀಚರು. "ನಮ್ಮ ಮನೆಯವ್ರು ಮಣ್ಣು ಕಾಯೋ ಕೆಲಸದಲ್ಲವ್ರೆ" ಎಂದು ನೆಂಟರಿಗೆ ಪರಿಚಯಿಸುತ್ತಾಳೆ. ಅದು ಹೆಮ್ಮೆಯೋ ತಮಾಷೆಯೋ, ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಗೋದಾಮಿನ ನಡುವೆ ಲಾರಿಯಷ್ಟು ದೊಡ್ಡ ಸ್ಟೀಲ್ ಡ್ರಮ್ಮು ಮಲಗಿದೆ. ಅದಕ್ಕೆ ಕಾಗದದಲ್ಲಿ ಉದ್ದನೆಯ ಹೆಸರಿದೆ. ನಾವು ಕರೆಯುವುದು ಬಾಣಂತಿ ಎಂದು. ಸದಾ ಬೆಚ್ಚಗಿಡಬೇಕು, ಹೊತ್ತು ಹೊತ್ತಿಗೆ ಉಣ್ಣಿಸಬೇಕು, ಹತ್ತಿರ ಗಲಾಟೆ ಮಾಡಬಾರದು. ಶೀಶೆಯ ಮಣ್ಣನ್ನು ಅದರೊಳಗೆ ಹಾಕಿ, ಬೇಯಿಸಿ ಆರಿಸಿದ ಗೊಬ್ಬರ, ಹೊಟ್ಟು, ಬೆಲ್ಲದ ನೀರು ಕೊಡುತ್ತ ನಿಧಾನಕ್ಕೆ ತಿರುಗಿಸುತ್ತಿದ್ದರೆ ಹನ್ನೊಂದು ದಿನದಲ್ಲಿ ಒಂದು ಹಿಡಿ ಒಂಬತ್ತು ಟನ್ ಆಗುತ್ತದೆ. ಅದೇ ಹೆಪ್ಪು. ಬೆಂಕಿ ಬಿದ್ದು ಸತ್ತ ತೋಟಕ್ಕೆ ಅದನ್ನು ಹರಡಿದರೆ ಆ ತೋಟದ ಹಳೆಯ ಜೀವಿಗಳೇ ಮತ್ತೆ ನೆಲಕ್ಕಿಳಿಯುತ್ತವೆ. ಪಕ್ಕದ ತೋಟದ ಹೆಪ್ಪು ನಡೆಯುವುದಿಲ್ಲ. ಯಾರ ತೋಟದ್ದು ಅವರಿಗೇ ಆಗಬೇಕು. ಅದಕ್ಕೇ ನಾಲ್ಕು ಸಾವಿರದ ಮುನ್ನೂರು ಶೀಶೆ.

ಇಷ್ಟು ಗೊತ್ತಾದರೆ ಸಾಕು. ಉಳಿದ ವಿಜ್ಞಾನ ನಮ್ಮ ಮುಖ್ಯಸ್ಥೆ ಡಾಕ್ಟರ್ ಪದಕಿಯವರಿಗೆ ಗೊತ್ತು. ಧಾರವಾಡದವರು. ಬೈಯುವಾಗಲೂ "ರೀ" ಬಿಡುವುದಿಲ್ಲ.

*

ಶಿವರಾತ್ರಿ ಕಳೆದು ಹತ್ತನೆಯ ದಿನ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿ ಮಳೆಯಿಲ್ಲದ ಒಣಸಿಡಿಲು ಹೊಡೆಯಿತು. ಲಂಟಾನದ ಪೊದೆ ಹತ್ತಿಕೊಂಡು, ಗಾಳಿ ಹಿಡಿದು, ಬೆಂಕಿ ಕಲ್ಲುಬಾರೆ ಪೋಡಿಗೆ ಇಳಿಯಿತು. ಪೋಡು ಎಂದರೆ ಸೋಲಿಗರ ಊರು, ಮೂವತ್ತು ಮನೆ. ಜನ ಹಸಿಸೊಪ್ಪು ಹಿಡಿದು ಬಡಿದು ಮನೆಗಳನ್ನು ಉಳಿಸಿಕೊಂಡರು. ಕೇತಮ್ಮನ ಒಂದು ಎಕರೆ ಕಾಫಿ ಮಾತ್ರ ಉಳಿಯಲಿಲ್ಲ.

ಮಾರನೆಯ ದಿನ ನಾನು ಹೋದಾಗ ಕೇತಮ್ಮ ತೋಟದ ಬದುವಿನ ಮೇಲೆ ನಿಂತು ಗಿಡಗಳನ್ನು ಎಣಿಸುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಗಟ್ಟಿ ಆಳು. ಆರುನೂರ ನಲವತ್ತು ಗಿಡ. ಮೂವತ್ತು ವರ್ಷದ ಹಿಂದೆ ಒಂದೊಂದನ್ನೂ ತಾವೇ ನೆಟ್ಟು, ಎರಡು ಬೇಸಿಗೆ ಹಳ್ಳದಿಂದ ತಲೆಯ ಮೇಲೆ ನೀರು ಹೊತ್ತು ಉಳಿಸಿದವರು. ಈಗ ಎಲ್ಲವೂ ಕರಿಕಡ್ಡಿ. ನೆಲದ ಮೇಲೆ ಬಿಳಿ ಬೂದಿ. ತೋಟದ ಮೂಲೆಯಲ್ಲಿ ಆಳೆತ್ತರದ ಒಂದು ಹುತ್ತ ಮಾತ್ರ ಏನೂ ಆಗದವರ ಹಾಗೆ ನಿಂತಿತ್ತು.

"ಬಾ ಮಣ್ಣಪ್ಪ" ಎಂದರು. ನನ್ನ ಹೆಸರು ಅವರಿಗೆ ಎಂದೂ ನೆನಪಿರಲಿಲ್ಲ. ನನ್ನ ಕೆಲಸ ನೆನಪಿತ್ತು. "ಎಂಗ ಮಾಡ್ಬುಟ್ಟದ ನೋಡು ಬೆಂಕಿ. ನೀರ ಹುಯ್ದ್ರ ಕುಡೀತಾನೂ ಇಲ್ಲ. ಮುನಿಸ್ಕಂಡದ."

ಚೊಂಬಿನ ನೀರನ್ನು ಬೂದಿ ಸರಿಸಿದ ನೆಲಕ್ಕೆ ಹುಯ್ದು ತೋರಿಸಿದರು. ನೀರು ಇಂಗಲಿಲ್ಲ. ಕೆಸುವಿನ ಎಲೆಯ ಮೇಲೆ ಬಿದ್ದಂತೆ ಗುಂಡಗೆ ಉರುಳಿ, ಧೂಳು ಮೆತ್ತಿಕೊಂಡು ಇಳಿಜಾರಿಗೆ ಓಡಿತು.

"ಮುನಿಸಲ್ಲ ಕೇತಮ್ಮೋರೆ, ಮೇಣ" ಎಂದೆ. ಉದುರಿದ ಎಲೆಯಲ್ಲಿ ಮೇಣದ ಅಂಶ ಇರುತ್ತದೆ. ಬೆಂಕಿಯ ಕಾವಿಗೆ ಅದು ಆವಿಯಾಗಿ, ಅರ್ಧ ಹೊಗೆಯ ಜೊತೆ ಹೋದರೆ ಇನ್ನರ್ಧ ನೆಲದೊಳಕ್ಕೆ ಇಳಿದು ತಣ್ಣಗಿನ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಎರಡು ಬೆರಳು ಆಳದಲ್ಲಿ ಒಂದು ಪದರ. ಮೇಲಿನ ನೀರು ಕೆಳಗಿಳಿಯುವುದಿಲ್ಲ, ಗಾಳಿಯೂ ಇಳಿಯುವುದಿಲ್ಲ. ಮೇಲಿನ ಬೂದಿ ಗಿಡಕ್ಕೆ ಒಳ್ಳೆಯ ಊಟವೇ. ಆದರೆ ಮೊದಲ ಜೋರು ಮಳೆಗೆ ಬೂದಿಯೂ ಮೇಲ್ಮಣ್ಣೂ ಸೇರಿ ಹಳ್ಳದ ಪಾಲಾಗುತ್ತವೆ.

ಮುಂದಿನದನ್ನೂ ಹೇಳಲೇಬೇಕಿತ್ತು. ಸುಟ್ಟ ತೋಟಗಳಿಗೆ ಒಂದು ಸಮಿತಿ ಇದೆ. ತೋಟದಲ್ಲಿ ಹನ್ನೆರಡು ಕಡೆ ಉಸಿರುಕಡ್ಡಿ ನೆಡುತ್ತೇವೆ. ಮಣ್ಣಿನ ಜೀವಿಗಳು ಬಿಡುವ ಉಸಿರನ್ನು ಆ ಕಡ್ಡಿಗಳು ಅಳೆದು ಬ್ಯಾಂಕಿಗೆ ಕಳಿಸುತ್ತವೆ. ಬೆಂಕಿ ಬಿದ್ದ ನಲವತ್ತೈದನೆಯ ದಿನಕ್ಕೆ ಅಂಕಿ ನಲವತ್ತು ಮುಟ್ಟಿರಬೇಕು. ಮುಟ್ಟದಿದ್ದರೆ ಆ ಮಣ್ಣು ಸತ್ತಿತೆಂದು ಲೆಕ್ಕ. ಮುಂಗಾರಿಗೆ ಗುಡ್ಡ ಜಾರಬಾರದಲ್ಲ, ಅದಕ್ಕೆ ಬುಡಗಳನ್ನೆಲ್ಲ ಕಿತ್ತು, ಹುಲ್ಲಿನ ಚಾಪೆ ಹಾಸಿ, ಹನ್ನೆರಡು ವರ್ಷ ಬೇಲಿ ಹಾಕುತ್ತಾರೆ.

"ಕಿತ್ತಾಕ್ತಾರ? ನನ್ನ ಗಿಡವ?" ಕೇತಮ್ಮ ನನ್ನ ಮುಖ ನೋಡಿದರು. "ಹನ್ನೆರಡು ವರ್ಸ ಆದ್ಮೇಲ ನಾನಿರ್ತೀನಾ ಮಣ್ಣಪ್ಪ, ಮತ್ತೆ ನೀರ ಹೊರಾಕ?"

ಆದರೆ ನನ್ನ ಹತ್ತಿರ ಒಂದು ಒಳ್ಳೆಯ ಸುದ್ದಿ ಇತ್ತಲ್ಲ. "ಭಯ ಬೀಳ್ಬೇಡಿ. ನಿಮ್ಮ ತೋಟದ ಮಣ್ಣು ನಮ್ಮ ತಾವ ಭದ್ರವಾಗದ. ಹನ್ನೊಂದು ವರ್ಸದ ಹಿಂದೆ ನಾನೇ ಇಸ್ಕೊಂಡೋಗಿದ್ದೆ. ಸಾವಿರದ ನೂರ ಏಳನೇ ಶೀಶೆ."

ಕೇತಮ್ಮನ ಮುಖ ಅರಳಿತು. "ಇನ್ನೂ ಮಡಗಿದ್ದೀರ? ಅದ್ ಒಳ್ಳೇ ಮಣ್ಣು ಕನ. ನೋಡಿ ನೋಡಿ ಕೊಟ್ಟಿದ್ದು" ಎಂದರು. ಅವರು ಅದನ್ನು ಸುಮ್ಮನೆ ಮಾತಿಗೆ ಹೇಳಿದರು ಎಂದುಕೊಂಡೆ.

*

ಸಾವಿರದ ನೂರ ಏಳನೆಯ ಶೀಶೆ ಬಾಣಂತಿಯ ಹೊಟ್ಟೆ ಸೇರಿತು. ಅತ್ತ ಪೋಡಿನವರು ಸೇರಿ ಸುಟ್ಟ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದರು. ಕಾಫಿ ಗಿಡದ ಬುಡದಲ್ಲಿ ಜೀವ ಇದ್ದರೆ ಅಲ್ಲಿಂದಲೇ ಹೊಸ ಚಿಗುರು ಬರುತ್ತದೆ.

ನಾಲ್ಕನೆಯ ದಿನಕ್ಕೇ ಗೋದಾಮಿನ ತುಂಬ ವಾಸನೆ ಎದ್ದಿತು. ಕೆಟ್ಟ ವಾಸನೆಯಲ್ಲ, ಮೊದಲ ಮಳೆ ಬಿದ್ದಾಗ ಬರುವ ಮಣ್ಣಿನ ಘಮ. ಆದರೆ ತಲೆ ಗಿರ್ ಎನ್ನುವಷ್ಟು.

"ಏನ್ರೀ ಗುರುಮಲ್ಲೇಶ, ಈ ಸಲ ಬಾಣಂತಿ ಅತ್ತರು ಹಚ್ಕೊಂಡಾಳೇನು?" ಎಂದರು ಡಾಕ್ಟರ್ ಪದಕಿ.

"ಬೆಟ್ಟದ ಮಣ್ಣು ಮೇಡಂ, ಜೋರಾಗಿರ್ತದೆ" ಎಂದೆ ನಾನು, ಬೆಟ್ಟದ ಮಣ್ಣಿನ ಮೇಲೆ ಪುಸ್ತಕ ಬರೆದವನ ಹಾಗೆ.

ಬೆಂಕಿ ಬಿದ್ದ ಹದಿನಾಲ್ಕನೆಯ ದಿನ ಎರಡು ಲಾರಿಯಲ್ಲಿ ಹೆಪ್ಪು ಬೆಟ್ಟ ಹತ್ತಿತು. ಮೂವತ್ತು ಮನೆಯವರೂ ಬುಟ್ಟಿ ಹಿಡಿದು ಬಂದರು. ಸಂಜೆಯೊಳಗೆ ಎಕರೆ ಪೂರ್ತಿ ಹರಡಿದ್ದಾಯಿತು. ಕೇತಮ್ಮ ಒಂದು ಹಿಡಿ ಎತ್ತಿ ಮೂಸಿ, "ನನ್ ಮಣ್ಣೇಯ" ಎಂದು ತೃಪ್ತಿಯಿಂದ ತಲೆ ಆಡಿಸಿದರು.

ನಿಯಂತ್ರಣ ಕೋಣೆಯ ಗೋಡೆಯ ಮೇಲೆ ದೊಡ್ಡ ನಕಾಶೆ ಇದೆ. ಒಂದೊಂದು ತೋಟ ಒಂದೊಂದು ಚುಕ್ಕೆ. ಉಸಿರಾಡುವ ಮಣ್ಣು ಹಸಿರು, ಏದುಸಿರು ಬಿಡುವುದು ಹಳದಿ, ಸತ್ತದ್ದು ಕಪ್ಪು. ಹೆಪ್ಪು ಹಾಕಿದ ಐದಾರು ದಿನಕ್ಕೆ ಕಪ್ಪು ಚುಕ್ಕೆ ಹಳದಿಯಾಗುವುದು ನಮ್ಮ ಅನುಭವ. ಕೇತಮ್ಮನ ಚುಕ್ಕೆ ಆಗಲಿಲ್ಲ. ಇಪ್ಪತ್ತನೆಯ ದಿನ ಆರು. ಇಪ್ಪತ್ತೆರಡನೆಯ ದಿನ ಏಳು. ಇಪ್ಪತ್ತೈದಕ್ಕೆ ಮತ್ತೆ ಆರು. ದಿನಾ ಬೆಳಿಗ್ಗೆ ಕೇತಮ್ಮನ ಫೋನು: "ಎಷ್ಟಾಯ್ತು ಮಣ್ಣಪ್ಪ?" ನಾನು ದಿನಾ ಅದೇ ಅಂಕಿಯನ್ನು ಹೇಳುವುದು.

ಇಪ್ಪತ್ತಾರನೆಯ ದಿನ ಡಾಕ್ಟರ್ ಪದಕಿ ಉಳಿದಿದ್ದ ಹೆಪ್ಪನ್ನು ಯಂತ್ರಕ್ಕೆ ಕೊಟ್ಟು ಒಳಗೆ ಯಾವ ಯಾವ ಜೀವಿಗಳಿವೆ ಎಂದು ಪಟ್ಟಿ ತೆಗೆಸಿದರು. ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಎರಡು ಸಲ ಓದಿದರು.

"ಇದರಾಗ ಕಾಫಿ ಬೇರಿನ ಒಂದು ಜೀವಿನೂ ಇಲ್ಲಲ್ರೀ. ಗೆದ್ದಲು ತನ್ನ ಗೂಡಿನಾಗ ಬೆಳೆಸ್ಕೊಳ್ಳೋ ಅಣಬಿ ಅದ. ಗೆದ್ದಲ ಹೊಟ್ಟಿಯೊಳಗಿನ ಜೀವಿ ಅವ. ಇದು ತೋಟದ ಮಣ್ಣಲ್ಲ, ಹುತ್ತದ ಮಣ್ಣು. ನೀವಽ ಅಗದು ತಂದೀರಿ ಅಲ್ಲೇನು? ಫಾರ್ಮಿನಾಗ ಹಂಗಽ ಬರದೀರಿ."

"ಹೌದು ಮೇಡಂ" ಎಂದೆ.

ನಾನು ಅಗೆದಿರಲಿಲ್ಲ.

*

ಆ ದಿನ ಮನೆಯಲ್ಲಿ ಊಟಕ್ಕೆ ಕುಳಿತವನು ರಾಗಿಮುದ್ದೆ ಮುರಿದು ಉಪ್ಸಾರಿಗೆ ಅದ್ದಿಕೊಂಡೇ ಇದ್ದೆ, ನುಂಗಲಿಲ್ಲ. ದಾಕ್ಷಾಯಿಣಿ ನೋಡುವಷ್ಟು ನೋಡಿ, "ಉಪ್ಪು ಜಾಸ್ತಿಯಾ, ಬುದ್ಧಿ ಕಮ್ಮಿಯಾ?" ಎಂದಳು.

ಎಲ್ಲ ಹೇಳಿದೆ. ಹನ್ನೊಂದು ವರ್ಷದ ಹಿಂದೆ ಬಿಸಿಲಲ್ಲಿ ಬೆಟ್ಟ ಹತ್ತಿ ಪೋಡಿಗೆ ಹೋಗಿದ್ದು. ನಿಯಮದ ಪ್ರಕಾರ ಮೂರು ಗಿಡದ ಬುಡದಲ್ಲಿ ಗೇಣುದ್ದ ಅಗೆದು ನಾನೇ ಮಣ್ಣು ತೆಗೆಯಬೇಕಿತ್ತು. ಕೇತಮ್ಮ "ಕುಂತ್ಕೊ ಕೂಸೆ, ಬಿಸ್ಲಲ್ಲಿ ಬಂದಿದ್ದೀಯೆ" ಎಂದು ಜಗಲಿಯ ಮೇಲೆ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಬಿಸಿ ಕಡುಬಿಗೆ ಜೇನು ಹುಯ್ದು ಮುಂದಿಟ್ಟರು. "ಮಣ್ಣ ನಾನ್ ತತ್ತೀನಿ, ನೀ ತಿನ್ನು" ಎಂದು ತಾವೇ ಹೋಗಿ ಎಲೆಯಲ್ಲಿ ಕಟ್ಟಿ ತಂದುಕೊಟ್ಟರು. ನಾನು ನಾಲ್ಕು ಕಡುಬು ತಿಂದು, ಫಾರ್ಮಿನಲ್ಲಿ 'ಸ್ವತಃ ಅಗೆದು ಸಂಗ್ರಹಿಸಲಾಗಿದೆ' ಎಂದು ಬರೆದು ಸಹಿ ಹಾಕಿದೆ.

ದಾಕ್ಷಾಯಿಣಿಗೆ ಮೊದಲು ನಗು ಬಂತು. ಆಮೇಲೆ ಆರುನೂರ ನಲವತ್ತು ಗಿಡ ನೆನಪಾಗಿ ನಗು ನಿಂತಿತು.

"ನಾಳೆ ಮೊದಲ ಕೆಲಸ, ನಿಮ್ಮ ಮೇಡಂಗೆ ನಿಜ ಹೇಳೋದು. ಎರಡನೇದು, ಆ ಯಮ್ಮನ ಹತ್ರ ಹೋಗೋದು. ಭಾನುವಾರ ಅಲ್ವ, ನಾನೂ ಬತ್ತೀನಿ" ಎಂದಳು. ನಾಲ್ಕನೆಯ ತರಗತಿಯ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದಳು. ನಾನೂ ನಾಲ್ಕನೆಯ ತರಗತಿಯವನ ಹಾಗೆ ತಲೆ ಆಡಿಸಿದೆ.

ಡಾಕ್ಟರ್ ಪದಕಿ ಪೂರ್ತಿ ಕೇಳಿಸಿಕೊಂಡರು. "ನಾಲ್ಕು ಕಡಬಿಗೆ ನಾಲ್ಕು ವರ್ಷದ ಇನ್‌ಕ್ರಿಮೆಂಟು ಹೋತು ಅಂತ ತಿಳ್ಕೋರಿ" ಎಂದರು. ಕುರ್ಚಿಯಿಂದ ಎದ್ದು, "ನಡೀರಿ, ನಾನೂ ಬರ್ತೀನಿ. ಆ ತೋಟದ್ದು ಇನ್ನೊಂದು ಶೀಶಿ ನಮ್ಮ ಹತ್ರ ಇಲ್ಲ, ಉಳದದ್ದು ಹದಿನೆಂಟು ದಿನ. ಸುಡದ ಮಣ್ಣು ಆ ತೋಟದಾಗ ಎಲ್ಲಿ ಉಳದದ? ಕೇಳೋಣು" ಎಂದರು.

*

ಕೇತಮ್ಮನಿಗೆ ತಾವು ತಪ್ಪು ಮಾಡಿದ್ದೇವೆ ಎಂದು ಅನ್ನಿಸಲೇ ಇಲ್ಲ.

"ಮತ್ತಿನ್ಯಾವ ಮಣ್ಣ ಕೊಡ್ಬೇಕಿತ್ತು? 'ನಿಮ್ಮ ತೋಟದ ಒಂದಿಡಿ ಮಣ್ಣ ಕೊಡಿ, ನೂರು ವರ್ಸ ಜ್ವಾಪಾನ ಮಾಡ್ತೀವಿ' ಅಂದ್ಯಲ್ಲ ನೀನು. ನೂರು ವರ್ಸ ಮಡಗೋದಕ್ಕ ಆಡು ಉಚ್ಚ ಹುಯ್ದಿರೋ ಮಣ್ಣ ಕೊಟ್ಟಾರ? ಬೆಳಿಗ್ಗೆ ಹೊತ್ನಲ್ಲಿ ಕೈಕಾಲ್ ತೊಳ್ಕಂಡು, ಹೂ ಮಡಗಿ, ಕೇಳ್ಕಂಡು, ಹುತ್ತದ ಮಣ್ಣ ತಂದು ಕೊಟ್ಟೆ."

ನಮ್ಮ ಸೀಮೆಯಲ್ಲಿ ಮದುವೆ ಎಂದರೆ ಮೊದಲು ಹುತ್ತದ ಮಣ್ಣು ತರಬೇಕು. ನನ್ನ ಮದುವೆಗೂ ತಂದಿದ್ದರು. ಮಣ್ಣುಗಳಲ್ಲಿ ಅದೇ ಮರ್ಯಾದೆಯ ಮಣ್ಣು. ದೊಡ್ಡವರು ಮನೆಗೆ ಬಂದರೆ ಒಳ್ಳೆಯ ಚಾಪೆ ಹಾಸುತ್ತಾರಲ್ಲ, ಹಾಗೆ ಕೇತಮ್ಮ ಸರ್ಕಾರಕ್ಕೆ ಒಳ್ಳೆಯ ಮಣ್ಣು ಕೊಟ್ಟಿದ್ದರು. ನಾಲ್ಕು ಸಾವಿರದ ಮುನ್ನೂರು ಶೀಶೆಯಲ್ಲಿ ಇನ್ನೆಷ್ಟು ಜನ ಹೀಗೆ ಮರ್ಯಾದೆ ಮಾಡಿದ್ದಾರೋ ಎಂದು ಯೋಚಿಸಿ ಬೆವತೆ.

"ತಪ್ಪು ನಂದೇ ಅವ್ವ. ಈ ಮಣ್ಣು ಕಾಫಿಗೆ ಆಗಲ್ಲವಂತೆ. ಅಂಕಿ ಮೇಲೆ ಹೋಗ್ತಿಲ್ಲ" ಎಂದೆ.

"ಯಾಕ ಹೋಗ್ತದ?" ಕೇತಮ್ಮ ಹುತ್ತದ ಕಡೆ ಕೈ ತೋರಿಸಿದರು. "ಮನೆಯ ತಂದು ಹರಡಿದ್ದೀರ. ಮನೆಯೋರ ಕರದಿದ್ದೀರ? ಹುತ್ತದ ಮಣ್ಣು ಅಂದ್ಮೇಲ ಗೆದ್ಲು ಬ್ಯಾಡ್ವ?"

ಡಾಕ್ಟರ್ ಪದಕಿ ಥಟ್ಟನೆ ಹುತ್ತದ ಹತ್ತಿರ ಹೋದರು. ಕಡ್ಡಿಯಿಂದ ಒಂದು ಚೂರು ಕೆರೆದರು. ಕ್ಷಣದಲ್ಲಿ ಒಳಗಿನಿಂದ ಬಿಳಿ ತಲೆಗಳು ಇಣುಕಿ ಮುರಿದ ಗೋಡೆಗೆ ಮಣ್ಣು ಮೆತ್ತತೊಡಗಿದವು. ಮೇಲೆ ಬೆಂಕಿ ಹಾದುಹೋಗಿದ್ದರೂ ಆಳು ಉದ್ದ ಕೆಳಗೆ ಅವುಗಳ ಸಂಸಾರ ತಣ್ಣಗಿತ್ತು.

"ಗುರುಮಲ್ಲೇಶ" ಎಂದರು ಮೇಡಂ, ಈ ಸಲ "ರೀ" ಮರೆತು. "ಗೆದ್ದಲು ತನ್ನ ಗೂಡಿನ ವಾಸನಿ ಎಲ್ಲಿ ತನಕ ಅದನೋ ಅಲ್ಲಿ ತನಕ ತನ್ನ ಮನಿ ಅಂತದ. ಈಗ ನಾವು ಎಕರೆ ತುಂಬ ಅದಽ ವಾಸನಿ ಹಾಸೇವಿ. ಅವು ಒಮ್ಮೆ ಹೊರಗ ಬಂದ್ರ ಇಡೀ ತೋಟ ತಮ್ಮದಂತ ತಿಳ್ಕೊಂಡು ತೂತು ಕೊರೀತಾವು. ಒಂದೊಂದು ತೂತೂ ಆ ಮೇಣದ ಪದರಿನಾಗ ಒಂದೊಂದು ಬಾಗಿಲು. ಕೆಳಗ ಬೇರಿನಾಗ ಹಳೇ ಜೀವಿ ಇನ್ನೂ ಇರತಾವು. ಅವಕ್ಕ ಬೇಕಾಗಿರೋದು ನೀರು, ಗಾಳಿ. ಅಷ್ಟಽ."

"ಅಲ್ಲ ಮೇಡಂ, ಗೆದ್ದಲು ಬಂದ್ರೆ ಕಾಫಿ ಬುಡಾನೂ ತಿಂದ್ಬಿಡಲ್ವ?" ದಾಕ್ಷಾಯಿಣಿ ಕೇಳಿದಳು. ನಾನೂ ಅದನ್ನೇ ಕೇಳಬೇಕೆಂದಿದ್ದೆ, ಧೈರ್ಯವಿರಲಿಲ್ಲ.

ಉತ್ತರ ಕೊಟ್ಟವರು ಕೇತಮ್ಮ. "ಈ ಹುತ್ತ ನಾನ್ ಗಿಡ ನೆಡೋಕಿಂತ ಮುಂಚಿಂದ ಅದ ಕನವ್ವ. ಸತ್ತದ್ದ ತಿಂತದ, ಬದುಕಿರೋದ ಮುಟ್ಟದಿಲ್ಲ. ಯಾವ ಗಿಡ ಸತ್ತದ, ಯಾವುದು ಬದುಕದ ಅಂತ ಅದಕ್ಕ ಗೊತ್ತು. ನಿಮ್ಮ ಕಡ್ಡಿಗಿಂತ ಚೆನ್ನಾಗಿ ಗೊತ್ತು."

ದಾರಿ ಹಾಕುವ ಕೆಲಸವನ್ನೂ ಅವರೇ ಹೇಳಿಕೊಟ್ಟರು. ಕತ್ತರಿಸಿ ಬಿಸಾಡಿದ್ದ ಸುಟ್ಟ ಕೊಂಬೆಗಳನ್ನು ಹುತ್ತದ ಬುಡದಿಂದ ಸಾಲಾಗಿ ಗಿಡಗಳ ಕಡೆಗೆ ಹಾಸಬೇಕು. ಮೇಲೆ ರಾಗಿಹುಲ್ಲು, ಸಗಣಿ ನೀರು. ಬಿಸಿಲು ಬೀಳದಂತೆ ಮುಚ್ಚಿದರೆ ಗೆದ್ದಲು ಅದರಡಿಯಲ್ಲಿ ನಡೆದು ಬರುತ್ತದೆ. ಆ ಭಾನುವಾರ ಪೋಡಿನವರ ಜೊತೆ ನಾವೂ ಬಾಗಿದ್ದೇ ಬಾಗಿದ್ದು. ಡಾಕ್ಟರ್ ಪದಕಿ ಸೀರೆಯ ಸೆರಗು ಸಿಕ್ಕಿಸಿ ಸಗಣಿ ಕಲಸಿದರು. ದಾಕ್ಷಾಯಿಣಿ ಮತ್ತು ಕೇತಮ್ಮ ಕೊಂಬೆ ಹಾಸುತ್ತ ನನ್ನ ಕಡುಬಿನ ಕಥೆಯನ್ನು ಇನ್ನೊಮ್ಮೆ ಮೊದಲಿನಿಂದ ಹೇಳಿಕೊಂಡು ನಕ್ಕರು. ಹೇಳುತ್ತ ಹೇಳುತ್ತ ಕಡುಬು ನಾಲ್ಕಿದ್ದದ್ದು ಏಳಾಯಿತು.

*

ಮೂವತ್ತೊಂದನೆಯ ದಿನ ಅಂಕಿ ಒಂಬತ್ತಾಯಿತು. ನಾನು ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಮೂವತ್ತಾರಕ್ಕೆ ಬೆಟ್ಟದಲ್ಲಿ ಅರ್ಧ ಗಂಟೆ ಹದಮಳೆ ಬಂತು. ಮಳೆ ನಿಂತ ಕೂಡಲೇ ಕೇತಮ್ಮನ ಫೋನು ಬಂತು. "ಮಣ್ಣಪ್ಪ, ಕುಡೀತು ಕನ! ಗೆದ್ಲು ತೂತ ಮಾಡಿದ ಕಡೆಯೆಲ್ಲ ನೀರು ಗುಳುಗುಳು ಅಂತ ಒಳಗೋಯ್ತದ. ಹಳ್ಳಕ್ಕ ಒಂದು ತೊಟ್ಟೂ ಕೆಂಪ್ ನೀರು ಬರ್ನಿಲ್ಲ!" ಅವರ ದನಿಯ ಹಿಂದೆ ಇನ್ನೂ ಐದಾರು ಜನ ಕೂಗುತ್ತಿದ್ದರು.

ಮಾರನೆಯ ದಿನ ಹದಿನೈದು. ಆಮೇಲೆ ಹತ್ತೊಂಬತ್ತು, ಇಪ್ಪತ್ನಾಲ್ಕು, ಮೂವತ್ತು. ನಲವತ್ತೆರಡನೆಯ ದಿನ ಚುಕ್ಕೆ ಹಳದಿಗೆ ತಿರುಗಿತು, ಅಂಕಿ ಮೂವತ್ತನಾಲ್ಕು. ಇನ್ನು ಆರು ಬೇಕು, ಮೂರು ದಿನ ಇದೆ. ಡಾಕ್ಟರ್ ಪದಕಿ ಗೋಡೆಯ ಮುಂದೆ ಕುರ್ಚಿ ಹಾಕಿಕೊಂಡು ಕ್ರಿಕೆಟ್ ನೋಡುವವರ ಹಾಗೆ ಕುಳಿತಿದ್ದರು.

ನಲವತ್ಮೂರನೆಯ ದಿನ ಬೆಳಿಗ್ಗೆ ಅಂಕಿ ಇಪ್ಪತ್ತೆರಡಕ್ಕೆ ಇಳಿಯಿತು. ಮಧ್ಯಾಹ್ನ ಒಂಬತ್ತು. ನಲವತ್ನಾಲ್ಕಕ್ಕೆ ಸೊನ್ನೆ. ಚುಕ್ಕೆ ಕಪ್ಪು.

ಸಮಿತಿಯ ಕಾರ್ಯದರ್ಶಿ ಪರದೆಯಲ್ಲಿ ಕಾಣಿಸಿಕೊಂಡು, ತಮಗೂ ಬೇಸರವಿದೆ, ಆದರೆ ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಅಂಕಿ ನೋಡಿ ಸಹಿ ಹಾಕಬೇಕು, ಬುಡ ಕೀಳುವ ಯಂತ್ರ ಯಳಂದೂರಿಗೆ ಬಂದಾಗಿದೆ ಎಂದರು. ಅಂದು ಕೇತಮ್ಮನ ಫೋನು ಬಂದಾಗ ಮೊದಲ ಬಾರಿಗೆ ನಾನು ಎತ್ತಲಿಲ್ಲ. ಎತ್ತಿ ಸೊನ್ನೆ ಎನ್ನುವ ಶಕ್ತಿ ನನಗಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬೆಟ್ಟಕ್ಕೆ ಹೊರಟೆ. ಯಂತ್ರ ಬರುವ ಮುಂಚೆ ಅವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು, ಇಷ್ಟೇ ನನ್ನ ಯೋಚನೆ. ಕೇತಮ್ಮ ಜಗಲಿಯ ಮೇಲೆ ಕಾಫಿ ಸೋಸುತ್ತಿದ್ದರು. ಮುಖದಲ್ಲಿ ದುಃಖದ ಸುಳಿವಿಲ್ಲ.

"ಫೋನ ಎತ್ತದಿಲ್ವಲ್ಲ ನೀನು! ನೆನ್ನೆಯಿಂದ ಒಂದ ಕೇಳೋವ ಅಂತಿವ್ನಿ. ನಿಮ್ಮ ಕಡ್ಡಿಗ ಅರಿಸಿನ ಕುಂಕುಮ ಹಚ್ಚಿದ್ರ ಏನೂ ಆಗದಿಲ್ಲ ತಾನೆ?"

"ಕಡ್ಡಿಗ್ಯಾಕೆ ಅರಿಸಿನ ಕುಂಕುಮ?"

"ಬಾ ನೋಡು."

ತೋಟಕ್ಕೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಹನ್ನೆರಡು ಉಸಿರುಕಡ್ಡಿ ನೆಟ್ಟಿದ್ದ ಹನ್ನೆರಡು ಜಾಗದಲ್ಲಿ ಹನ್ನೆರಡು ಮರಿ ಹುತ್ತಗಳು. ಮೊಣಕಾಲೆತ್ತರ, ಇನ್ನೂ ಹಸಿ. ಗೆದ್ದಲು ಕಡ್ಡಿಗಳನ್ನು ಬುಡದಿಂದ ತುದಿಯವರೆಗೆ ಮಣ್ಣು ಮೆತ್ತಿ ಮುಚ್ಚಿಬಿಟ್ಟಿದ್ದವು. ಒಂದೊಂದರ ನೆತ್ತಿಗೂ ಅರಿಸಿನ, ಕುಂಕುಮ, ಒಂದು ಕಾಡುಹೂವು.

ಸೊನ್ನೆ ಅಂದರೆ ಇದು! ಮಣ್ಣು ಉಸಿರು ಬಿಟ್ಟಿರಲಿಲ್ಲ ಎಂದಲ್ಲ. ಕಡ್ಡಿಗೆ ಉಸಿರು ತಾಗಲು ಗೆದ್ದಲು ಸಂದಿ ಬಿಟ್ಟಿರಲಿಲ್ಲ. ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ.

"ಏನಾಯ್ತು ಕೂಸೆ?" ಕೇತಮ್ಮ ಗಾಬರಿಯಾದರು. ಸಂಗತಿ ಹೇಳಿದೆ. ಗಂಟೆ ಹನ್ನೊಂದು ಆಗುತ್ತಿತ್ತು.

"ಒಂದ್ ಕಡ್ಡಿಯಾದ್ರೂ ಬಿಡಿಸ್ಬೇಕು ಅವ್ವ. ಹನ್ನೆರಡಕ್ಕೆ ಅವರು ನೋಡ್ತಾರೆ."

ಕೇತಮ್ಮ ಒಂದು ಗಳಿಗೆ ಯೋಚಿಸಿದರು. ಕೊನೆಗೆ ಅಂಚಿನಲ್ಲಿದ್ದ ಒಂದು ಮರಿ ಹುತ್ತದ ಮುಂದೆ ಕುಳಿತು, ಅದರ ಜೊತೆ ಏನೋ ಮೆಲ್ಲಗೆ ಮಾತಾಡಿ, ಕೈಯಿಂದಲೇ ಮಣ್ಣು ಬಿಡಿಸಿದರು. ಕಡ್ಡಿಯನ್ನು ಸೆರಗಿನಲ್ಲಿ ಒರೆಸಿ ಕೊಟ್ಟರು. ಅದನ್ನು ಎರಡು ಮಾರು ಆಚೆ, ಒಂದು ಕಾಫಿ ಬುಡದ ಪಕ್ಕ ನಾನು ಚುಚ್ಚಿದೆ. ಫೋನಿನಲ್ಲಿ ಡಾಕ್ಟರ್ ಪದಕಿ. ಅವರ ಹಿಂದೆ ಸಮಿತಿಯ ಐದು ಜನ.

"ಐದು ಅಂತ ತೋರಸ್ಲಿಕ್ಕತ್ತೇದ್ರೀ" ಎಂದರು ಮೇಡಂ. "ಹನ್ನೆರಡು... ಇಪ್ಪತ್ತೊಂಬತ್ತು... ತಡೀರಿ ತಡೀರಿ... ನಲವತ್ತು ದಾಟ್ತು! ಐವತ್ತಮೂರು... ಅರವತ್ತೊಂದು! ಅರವತ್ತೊಂದಕ್ಕ ನಿಂತದ ಗುರುಮಲ್ಲೇಶ!" ಆ ಕಡೆ ಕುರ್ಚಿ ಬಿದ್ದ ಸದ್ದಾಯಿತು. ಯಾರೂ ಎತ್ತಿದಂತೆ ಕೇಳಿಸಲಿಲ್ಲ. ಯಂತ್ರವನ್ನು ವಾಪಸು ಕಳಿಸಿ ಎಂದು ಕಾರ್ಯದರ್ಶಿ ಯಾರಿಗೋ ಹೇಳುವುದು ಕೇಳಿಸಿತು.

ಕಡ್ಡಿ ಚುಚ್ಚಿದ ಕಡೆ ಬಾಗಿದ್ದ ನನಗೆ ಕಾಫಿ ಬುಡದ ಕರಿತೊಗಟೆಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತ್ತು. ಪಕ್ಕದ ಬುಡದಲ್ಲೂ ಇತ್ತು. ಅದರ ಪಕ್ಕದ ಬುಡಕ್ಕೆ ಮಾತ್ರ ಗೆದ್ದಲ ಮಣ್ಣು ಹತ್ತಿತ್ತು.

"ಐವತ್ತೆಂಟಕ್ಕ ಹತ್ತವ" ಎಂದರು ಕೇತಮ್ಮ ಹಿಂದಿನಿಂದ. "ಮೊನ್ನೇನೇ ಎಣಿಸ್ದೆ. ಮಿಕ್ಕವು ಐನೂರ ಎಂಬತ್ತೆರಡು. ಒಂದ್ನೂ ಮುಟ್ಟಿಲ್ಲ."

ತಿಂಗಳ ಮೇಲೆ ನಾವು ಎಣಿಸಿದೆವು. ಚಿಗುರಿದ ಗಿಡಗಳು ಐನೂರ ಎಂಬತ್ತೆರಡು.

*

ಇದಾಗಿ ಮೂರು ವರ್ಷ. ನನ್ನ ಇನ್‌ಕ್ರಿಮೆಂಟು ಒಂದು ವರ್ಷ ಮಾತ್ರ ಹೋಯಿತು. ಮೇಡಂ ಬಾಯಿ ಜೋರು, ಕೈ ಮೆತ್ತಗೆ. ಬ್ಯಾಂಕಿನ ಫಾರ್ಮಿನಲ್ಲಿ 'ಮಣ್ಣು ಕೊಟ್ಟವರು ಯಾವ ಮಣ್ಣನ್ನು ಒಳ್ಳೆಯದೆಂದು ಕೊಟ್ಟರು, ಯಾಕೆ?' ಎಂಬ ಹೊಸ ಸಾಲು ಸೇರಿದೆ. ಎಲ್ಲ ಶೀಶೆಗಳನ್ನು ಮತ್ತೆ ಪರೀಕ್ಷೆ ಮಾಡಿದಾಗ ನೂರ ಎಪ್ಪತ್ತಾರು ಶೀಶೆಗಳಲ್ಲಿ ಹುತ್ತದ ಮಣ್ಣು, ನಲವತ್ತರಲ್ಲಿ ತುಳಸಿಕಟ್ಟೆಯ ಮಣ್ಣು ಸಿಕ್ಕಿತು. ಒಂದನ್ನೂ ಎಸೆಯಬಾರದು ಎಂದು ಡಾಕ್ಟರ್ ಪದಕಿ ಹೇಳಿದ್ದಾರೆ. ಅವಕ್ಕೆಲ್ಲ ಬೇರೆಯೇ ಕಪಾಟು ಇದೆ ಈಗ.

ಕೇತಮ್ಮನ ತೋಟದ ಕಡ್ಡಿಗಳನ್ನು ಬಿಡಿಸಿ ತರಲು ನಾನು ಇನ್ನೊಮ್ಮೆ ಹೋಗಿದ್ದೆ. ಅಷ್ಟರಲ್ಲಿ ಅಂದು ಬಿಡಿಸಿ ಚುಚ್ಚಿದ್ದ ಆ ಒಂದು ಕಡ್ಡಿಗೂ ಗೆದ್ದಲು ಮಣ್ಣು ಮೆತ್ತಿದ್ದವು. ಕೇತಮ್ಮ ಬಿಡಿಸಲು ಬಿಡಲಿಲ್ಲ. "ಮನೆ ಕಟ್ಕಂಡವ, 'ಎದ್ದೋಗಿ' ಅಂತೀಯಾ?" ಎಂದು ಕೇಳಿದರು. ನಾನು ಮತ್ತೆ ಜಗಲಿಯ ಮೇಲೆ ಕುಳಿತು ಕಡುಬು ತಿಂದು ಬರಿಗೈಯಲ್ಲಿ ಬಂದೆ.

ಹೀಗಾಗಿ ನಮ್ಮ ಗೋಡೆಯ ನಕಾಶೆಯಲ್ಲಿ ಸಾವಿರದ ನೂರ ಏಳನೆಯ ಚುಕ್ಕೆ ಇಂದಿಗೂ ಕಪ್ಪು. ಹೊಸ ಅಧಿಕಾರಿಗಳು ಯಾರೇ ನೋಡಲು ಬರಲಿ, ಸುತ್ತಲಿನ ಹಸಿರಿನ ನಡುವೆ ಅದೊಂದು ಕಣ್ಣಿಗೆ ಬೀಳುತ್ತದೆ. ಮೊನ್ನೆ ಬಂದವರೂ ಕೇಳಿದರು.

"ಪಾಪ, ಈ ತೋಟ ಸತ್ತೇ ಹೋಯ್ತಾ?"

ಡಾಕ್ಟರ್ ಪದಕಿ ನನ್ನ ಕಡೆ ನೋಡಿದರು. ನಾನು ಒಳಗೆ ಹೋಗಿ, ಕೇತಮ್ಮ ಕಳಿಸಿದ ಹೊಸ ಕಾಫಿಪುಡಿಯನ್ನು ಸೋಸಿ, ಬೆಲ್ಲ ಹಾಕಿ, ಒಂದು ಲೋಟ ತಂದು ಬಂದವರ ಕೈಗೆ ಕೊಟ್ಟೆ.

"ಬಿಸಿ ಇದೆ ಸಾರ್, ನಿಧಾನಕ್ಕೆ ಕುಡೀರಿ" ಎಂದೆ. "ಅಲ್ಲೀದೇ."